ಹಿಂಬಾಗಿಲ ಕೀಲು

ಎಣ್ಣೆ ಸೋಕದೆ ಆ ಊರಲ್ಲಿ ಯಾವುದೂ ತಿರುಗುತ್ತಿರಲಿಲ್ಲ. ಬಾಗಿಲು ತಿರುಗಬೇಕಾದರೆ ಕೀಲಿಗೆ ಎಣ್ಣೆ, ಗಾಡಿ ತಿರುಗಬೇಕಾದರೆ ಅಚ್ಚಿಗೆ ಎಣ್ಣೆ, ಬೀಸುವ ಕಲ್ಲು ತಿರುಗಬೇಕಾದರೆ ಗೂಟಕ್ಕೆ ಎಣ್ಣೆ. ತೊಟ್ಟಿಲು ತೂಗುವ ಮುಂಚೆ ಕೊಂಡಿಗೆ ಒಂದು ಹನಿ, ಚಟ್ಟ ಎತ್ತುವ ಮುಂಚೆ ಹೊರುವವರ ಹೆಗಲಿಗೆ ಒಂದು ಹನಿ. ಊರ ನಡುವೆ ಒಂದು ಬಾವಿ, ಬಾವಿಯ ಮೇಲೆ ಮನೆಯೆತ್ತರದ ಒಂದು ರಾಟೆ, ರಾಟೆಯ ಸರಪಳಿಯಲ್ಲಿ ಸಾಲಾಗಿ ಕೊಡಗಳು. ಅದು ತಿರುಗಿದರೆ ಊರಿಗೆ ನೀರು, ನಿಂತರೆ ಇಲ್ಲ. ಬೇರೆ ಬಾವಿಯಿರಲಿಲ್ಲ. ಮಳೆಯ ಮಾತನ್ನು ಅಲ್ಲಿ ಯಾರೂ ಆಡುತ್ತಿರಲಿಲ್ಲ.

ಆ ಎಣ್ಣೆ ಊರಿನದಲ್ಲ. ಉಪ್ಪಿನ ಬಯಲಿನ ಆಚೆ ಎಲ್ಲೋ ನೆಲ ಕಪ್ಪಗೆ ಬೆವರುತ್ತದಂತೆ. ಆ ಬೆವರನ್ನು ಒಂಟೆಯವರು ವರ್ಷಕ್ಕೊಂದು ಸಲ ಹೊತ್ತು ತರುತ್ತಿದ್ದರು. ಅವರು ಹಿಂದಿರುಗುವಾಗ ಊರಿನ ರಾಗಿ, ಊರಿನ ಬೆಲ್ಲ, ಊರಿನ ಎಳೆ ಹೋರಿಗಳು ಅವರ ಹಿಂದೆ ನಡೆಯುತ್ತಿದ್ದವು. ಅವರು ಹೇಳಿದ್ದೇ ಬೆಲೆ. ಅವರವರಲ್ಲಿ ಜಗಳವಾದ ವರ್ಷ ಇಲ್ಲಿ ಗಂಟಲು ಒಣಗುತ್ತಿತ್ತು.

ಹಾಗಾಗಿ ಊರಿಗೊಂದು ಕಟ್ಟಳೆ ಇತ್ತು. ಪೀಠ ಏರುವವನು ಯಾರೇ ಆಗಲಿ, ಏರುವ ಮುಂಚೆ ಬಾವಿಯ ಪಕ್ಕದ ಮಾತಿನ ಕಲ್ಲಿನ ಮೇಲೆ ನಿಲ್ಲಬೇಕು. ನಿಂತು, "ನನ್ನ ಕಾಲದಲ್ಲಿ ಈ ರಾಟೆ ಎಣ್ಣೆಯಿಲ್ಲದೆ ತಿರುಗುತ್ತದೆ" ಎಂದು ಮಾತು ಕೊಡಬೇಕು. ಕೊಡುವಾಗ ಅವನ ನೆತ್ತಿಯ ಮೇಲೆ ಕೊಡಗಟ್ಟಲೆ ಎಣ್ಣೆ ಹೊಯ್ಯಬೇಕು. ಎಣ್ಣೆ ನೆತ್ತಿಯಿಂದ ಹುಬ್ಬಿಗೆ, ಹುಬ್ಬಿನಿಂದ ಗಲ್ಲಕ್ಕೆ, ಗಲ್ಲದಿಂದ ಹೊಟ್ಟೆಗೆ, ಹೊಟ್ಟೆಯಿಂದ ಪಾದಕ್ಕೆ ಇಳಿಯುತ್ತಿತ್ತು. ಪಾದದ ಕೆಳಗೆ ಊರು ಬಟ್ಟಲು ಹಿಡಿದು ನಿಂತಿರುತ್ತಿತ್ತು. ಮಾತು ಕೇಳಲೆಂದು ಬಂದವರು ಅಲ್ಲಿ ಯಾರೂ ಇಲ್ಲ. ಬಟ್ಟಲು ತುಂಬಿದವರು ತುಂಬಿದ ಹಾಗೆ ಮನೆಗೆ ನಡೆಯುತ್ತಿದ್ದರು. ಎಷ್ಟೋ ಸಲ ಮಾತು ಮುಗಿಯುವ ಹೊತ್ತಿಗೆ ಕಲ್ಲಿನ ಸುತ್ತ ನೊಣಗಳಷ್ಟೇ ಉಳಿದಿರುತ್ತಿದ್ದವು.

ಮಿಕ್ಕ ಎಣ್ಣೆಯನ್ನು ರಾಟೆಯ ಅಚ್ಚಿಗೆ ಸುರಿಯುವುದು ಪದ್ಧತಿ. ಮಾತಿನ ಎಣ್ಣೆ ಬಿದ್ದ ಜಾಗವನ್ನು ಒರೆಸಬಾರದೆನ್ನುವುದೂ ಪದ್ಧತಿ. ಹಾಗೆ ಎಣ್ಣೆಯ ಮೇಲೆ ಧೂಳು, ಧೂಳಿನ ಮೇಲೆ ಎಣ್ಣೆ ಕೂತು ಕೂತು ಅಚ್ಚಿನ ಸುತ್ತ ಜಿಡ್ಡು ಆನೆಯ ಕಾಲಿನಷ್ಟು ದಪ್ಪವಾಗಿತ್ತು. ಅದರಲ್ಲಿ ಕೂದಲು, ನೊಣದ ರೆಕ್ಕೆ, ಯಾವ ಕಾಲದ್ದೋ ಪೂಜೆಯ ಹೂವು. ಒಂದು ಹಲ್ಲಿ ಬಾಯಿ ತೆರೆದದ್ದು ತೆರೆದ ಹಾಗೇ ಅಂಟಿಕೊಂಡಿತ್ತು. ಊರು ಅದನ್ನು 'ಹಿರಿಯರ ಮಾತು' ಎಂದು ಕರೆದು ಅರಿಶಿನ ಕುಂಕುಮ ಹಚ್ಚುತ್ತಿತ್ತು. ಜಿಡ್ಡು ಬೆಳೆದಷ್ಟೂ ರಾಟೆ ಬಿಗಿಯುತ್ತಿತ್ತು. ಬಿಗಿದಷ್ಟೂ ಎಣ್ಣೆ ಬೇಕಾಗುತ್ತಿತ್ತು. ಎಣ್ಣೆ ಬಿದ್ದಷ್ಟೂ ಜಿಡ್ಡು ಬೆಳೆಯುತ್ತಿತ್ತು. ಗಟ್ಟಿ ಗಂಡಸರ ಒಂದು ಸಾಲೇ ಹೆಗಲು ಕೊಟ್ಟು ನೂಕಿದರೆ ರಾಟೆ ಕೀರಿ ಕೀರಿ ಒಂದು ಸುತ್ತು ಬರುತ್ತಿತ್ತು. ಮಕ್ಕಳು ಆ ಕೀರಲಿಗೆ ಮಲಗಿ ಆ ಕೀರಲಿಗೆ ಏಳುತ್ತಿದ್ದವು.

ಅಂಥ ಊರಿನಲ್ಲಿ ಎಣ್ಣೆಯ ವರ್ತಕನೊಬ್ಬನಿದ್ದ.

ಅವನ ಕೆಲಸ ಸರಳ. ಎಣ್ಣೆ ತುಂಬುವ ತೊಗಲಿನ ಚೀಲಕ್ಕೆ ಆ ಊರಲ್ಲಿ ಸಿದ್ದಿಗೆ ಎನ್ನುತ್ತಿದ್ದರು. ಖಾಲಿ ಸಿದ್ದಿಗೆಗಳನ್ನು ಒಂಟೆಯವರ ಕೈಗೆ ಕೊಟ್ಟು ಕಳಿಸುವುದು, ಬರುವ ವರ್ಷ ತುಂಬಿದ ಸಿದ್ದಿಗೆಗಳನ್ನು ಇಳಿಸಿಕೊಳ್ಳುವುದು. ಎಷ್ಟು ಖಾಲಿ ಹೋಯಿತೋ ಅಷ್ಟೇ ತುಂಬಿ ಬರುತ್ತಿತ್ತು. ಹಾಗಾಗಿ ಊರು ಎಣ್ಣೆಯನ್ನು ಬಿಟ್ಟುಬಿಡುತ್ತದೋ ಇಲ್ಲವೋ ಎನ್ನುವುದು ಮಾತಿನ ಕಲ್ಲಿಗಿಂತ ಮೊದಲು ವರ್ತಕನ ಅಟ್ಟಕ್ಕೆ ಗೊತ್ತಾಗುತ್ತಿತ್ತು. ಅಟ್ಟದಲ್ಲಿ ಪ್ರತಿ ಪೀಠದವನ ಕಾಲದಲ್ಲೂ ಹೊಸ ಸಿದ್ದಿಗೆಗಳು ಸೇರಿಕೊಂಡಿದ್ದವು. ಒಂದೇ ಒಂದು ಕಮ್ಮಿಯಾದದ್ದಿಲ್ಲ.

ಅವನ ಮನೆಗೆ ಎರಡು ಬಾಗಿಲು. ಮುಂಬಾಗಿಲಲ್ಲಿ ಊರು ಬರುತ್ತಿತ್ತು. ಹಿಂಬಾಗಿಲಲ್ಲಿ ಪೀಠದವರು ಬರುತ್ತಿದ್ದರು. ಮಾತು ಕೊಟ್ಟ ದಿನವೇ ದೀಪ ಹಚ್ಚುವ ಹೊತ್ತಿಗೆ, ಮೈಯ ಎಣ್ಣೆ ಇನ್ನೂ ಆರದಿರುವಾಗ, ತಲೆಗೆ ಒಂದು ಮುಸುಕು ಹಾಕಿಕೊಂಡು ಬರುತ್ತಿದ್ದರು; ಆಮೇಲೆ ವರ್ಷವೂ ಒಂಟೆಯವರು ಬಂದಾಗ ಹಾಗೇ ಬರುತ್ತಿದ್ದರು. ಬಾಯಿ ಬಿಡುತ್ತಿರಲಿಲ್ಲ. ದನದ ಸಂತೆಯಲ್ಲಿ ಮಾಡುವ ಹಾಗೆ ವರ್ತಕ ತನ್ನ ಟವಲನ್ನು ಕೈಮೇಲೆ ಹರಡುತ್ತಿದ್ದ. ಬಂದವರು ಟವಲಿನ ಕೆಳಗೆ ಕೈ ತೂರಿಸಿ ಅವನ ಬೆರಳು ಹಿಡಿದು ಒತ್ತುತ್ತಿದ್ದರು. ಎಷ್ಟು ಬೆರಳು ಒತ್ತಿದರೋ ಅಷ್ಟು ಸಾಲು ಸಿದ್ದಿಗೆ ಹೆಚ್ಚಿಗೆ. ಕೈ ಜಾರುವಷ್ಟು ಜಿಡ್ಡು. ಬಂದವರು ಹೋದ ಮೇಲೆ ವರ್ತಕ ಸೀಗೆಪುಡಿ ಹಾಕಿ ಕೈ ತಿಕ್ಕುತ್ತಿದ್ದ. ಎಣ್ಣೆಯಲ್ಲೇ ಹುಟ್ಟಿ ಎಣ್ಣೆಯಲ್ಲೇ ನರೆತವನಿಗೆ ಎಣ್ಣೆ ಹೊಸದಲ್ಲ. ಆದರೆ ಮಾತು ಕೊಟ್ಟ ಕೈಯ ಎಣ್ಣೆಗೆ ಬೇರೆಯದೇ ಒಂದು ವಾಸನೆಯಿತ್ತು. ಅದು ಉಂಡ ಅನ್ನದಲ್ಲೂ ಬರುತ್ತಿತ್ತು.

ಆ ಹಿಂಬಾಗಿಲ ಕೀಲಿಗೆ ಎಣ್ಣೆ ಬಿಡುವ ಕೆಲಸವನ್ನು ಮಾತ್ರ ಅವನು ಆಳುಗಳಿಗೆ ಬಿಡುತ್ತಿರಲಿಲ್ಲ. ಸದ್ದಾಗಬಾರದು. ಅದು ವ್ಯಾಪಾರದ ಮರ್ಯಾದೆ.

ಮನೆಯಲ್ಲಿ ಅವನ ಅಕ್ಕನಿದ್ದಳು. ಅವಳ ಬಟ್ಟಲು ಊರಲ್ಲೇ ದೊಡ್ಡದು. ಒಂದು ಸಲವೂ ಮಾತಿನ ಕಲ್ಲಿಗೆ ತಪ್ಪಿಸಿಕೊಂಡವಳಲ್ಲ.

"ಮನೆ ತುಂಬ ಎಣ್ಣೆಯಿದೆ. ಆ ಹೊಟ್ಟೆ ಮೇಲಿಂದ ಇಳಿದದ್ದನ್ನ ಯಾಕೆ ಹಿಡ್ಕೊಂಡು ಬರ್ತೀಯ ಅಕ್ಕ?" ಎಂದು ಅವನು ಕೇಳಿದರೆ, "ಮನೇದು ಮನೇದು. ಇದು ಪುಕ್ಕಟೆ" ಎನ್ನುತ್ತಿದ್ದಳು.

"ಅವರು ಹೇಳಿದ್ದು ಕಿವಿಗೆ ಬಿತ್ತಾ?"

"ಕಿವಿಗೆ ಬಿದ್ದರೆ ಏನು ಕರಿಯಕ್ಕಾಗತ್ತೆ? ಮಾತು ಅವರದು, ಎಣ್ಣೆ ನಂದು." ಆ ಎಣ್ಣೆಯಲ್ಲಿ ಅವಳು ಬೋಂಡ ಕರಿಯುತ್ತಿದ್ದಳು. ಅವನು ಅವತ್ತು ಮಜ್ಜಿಗೆಯಲ್ಲಿ ಊಟ ಮುಗಿಸುತ್ತಿದ್ದ.

ಹೀಗಿರುತ್ತಾ ಹಳಬ ತೀರಿಕೊಂಡು ಪೀಠಕ್ಕೆ ಹೊಸಬನೊಬ್ಬನ ಸರದಿ ಬಂತು. ಮಾತಿನ ದಿನಕ್ಕೆ ಇನ್ನೂ ಕೆಲವು ದಿನ ಇರುವಾಗ, ಒಂಟೆಯವರು ಊರ ಹೊರಗೆ ಬಿಡಾರ ಹೂಡಿರುವಾಗ, ಆ ಹೊಸಬ ನಡುಹಗಲಲ್ಲಿ ವರ್ತಕನ ಮುಂಬಾಗಿಲಿಗೆ ಬಂದು ನಿಂತ. ತಲೆಗೆ ಮುಸುಕಿರಲಿಲ್ಲ. ಕೈ ಒಣಗಿತ್ತು.

"ಸೌಕಾರ್ರೇ, ಒಳಗೆ ಬರಬಹುದಾ?"

"ಬಂದದ್ದಾಗಿದೆಯಲ್ಲ. ಕೂತ್ಕೊಳ್ಳಿ. ಮಣೆ ಜಿಡ್ಡು, ಪಂಚೆ ಜೋಪಾನ." ವರ್ತಕ ಅಭ್ಯಾಸಬಲದಿಂದ ಟವಲು ಹರಡಿದ.

ಹೊಸಬ ಟವಲನ್ನು ಮಡಿಸಿ ಪಕ್ಕಕ್ಕಿಟ್ಟ. "ಅದು ಬೇಡ. ನಾನು ಬಾಯಲ್ಲೇ ಹೇಳ್ತೀನಿ. ಈ ಸಲ ಸಿದ್ದಿಗೆ ಕಳಿಸಬೇಡಿ."

"ಎಣ್ಣೆ ಬೇಡ ಅನ್ನೋಕೆ ಅಲ್ಲಿ ಕಲ್ಲು ಹಾಕಿದ್ದಾರೆ ಸ್ವಾಮಿ. ಈ ಅಂಗಡೀಲಿ ಎಷ್ಟು ಬೇಕು ಅನ್ನೋದೊಂದೇ ಕೇಳಿಸೋದು."

"ನಾನು ರಾಟೆಯ ಕೆಳಗೆ ನುಸುಳಿ ನೋಡಿ ಬಂದೆ. ಅಚ್ಚಿನ ಮೇಲ್ಗಡೆ ಒಂದು ಕಾಲುವೆ ಇದೆ, ಬೆರಳು ಹೋಗುವಷ್ಟು. ಕಟ್ಟಿದವರು ಬಿಟ್ಟದ್ದು. ಮೇಲೆ ಬರೋ ನೀರಲ್ಲಿ ಒಂದಿಷ್ಟು ಅದರಲ್ಲಿ ಇಳಿದು ಅಚ್ಚಿನ ಮೇಲೆ ಬೀಳಬೇಕು. ಕಲ್ಲಿನ ಮೇಲೆ ಕಲ್ಲು, ನಡುವೆ ನೀರು. ಎಣ್ಣೆ ಅದಕ್ಕೆ ಬೇಕೇ ಇರಲಿಲ್ಲ. ಆ ಕಾಲುವೆಯ ಬಾಯಿಗೆ ಜಿಡ್ಡು ಮೆತ್ತಿಕೊಂಡಿದೆ, ಅಷ್ಟೇ."

"ಹೌದು."

"ನಿಮಗೆ ಗೊತ್ತಿತ್ತಾ?"

"ಬಾವಿಕಟ್ಟೆ ಮೇಲೆ ಗೋಲಿ ಆಡೋ ಮಕ್ಕಳಿಗೂ ಗೊತ್ತು. ಮಲಗಿ ಮೇಲೆ ನೋಡಿದರೆ ಕಾಣತ್ತಲ್ಲ."

ಹೊಸಬನ ಮುಖ ನೋಡಿದರೆ ಊರೇ ತನ್ನ ಕೆನ್ನೆಗೆ ಹೊಡೆದ ಹಾಗಿತ್ತು. "ಮತ್ತೆ ಯಾರೂ ಯಾಕೆ ಕೆರೆದು ತೆಗೀಲಿಲ್ಲ?"

"ಕೆರೀಬೇಕಾದರೆ ರಾಟೆ ನಿಲ್ಲಿಸಬೇಕು. ನಿಲ್ಲಿಸಿದರೆ ಒಂದಷ್ಟು ದಿನ ಊರಿಗೆ ಬಾಯಾರತ್ತೆ. ಯಾರ ಕಾಲದಲ್ಲಿ ಬಾಯಾರಿತು ಅನ್ನೋದನ್ನ ಊರು ಮರೆಯಲ್ಲ ಸ್ವಾಮಿ. ಯಾರ ಕಾಲದಲ್ಲಿ ಜಿಡ್ಡು ಬೆಳೀತು ಅನ್ನೋದನ್ನ ಯಾರೂ ನೆನಪಿಟ್ಕೊಳ್ಳಲ್ಲ."

"ನಾನು ನಿಲ್ಲಿಸ್ತೀನಿ."

"ಎಲ್ಲರೂ ನಿಲ್ಲಿಸ್ತೀನಿ ಅಂದವರೇ."

"ಅದಕ್ಕೇ ಸಿದ್ದಿಗೆ ಕಳಿಸಬೇಡಿ ಅಂದದ್ದು. ಎಣ್ಣೆ ಬರುತ್ತೆ ಅನ್ನೋ ಧೈರ್ಯ ಇದ್ದರೆ ನಾನೂ ಅವರ ಹಾಗೇ ಆಗ್ತೀನೇನೋ. ಹಿಂದಿರುಗೋ ದಾರಿ ಇಲ್ಲದಂತೆ ಮಾಡಿ. ಕಲ್ಲಿನ ಮೇಲೆ ನಾನು ಒಣಗೇ ನಿಲ್ತೀನಿ, ಒಂದು ಹನಿ ಹೊಯ್ಸಿಕೊಳ್ಳದೆ."

ವರ್ತಕ ಅವನನ್ನು ಬಹಳ ಹೊತ್ತು ನೋಡಿದ. ಸರಕನ್ನು ನೋಡುವ ಹಾಗೆ ನೋಡಿದ, ತಟ್ಟಿ, ಮೂಸಿ, ಬೆಳಕಿಗೆ ಹಿಡಿದು. ಮುಂಬಾಗಿಲಲ್ಲಿ ಬಂದಿದ್ದಾನೆ. ಹಗಲಲ್ಲಿ ಬಂದಿದ್ದಾನೆ. ಟವಲು ಮಡಿಸಿದ್ದಾನೆ. ತಾನೇ ತನ್ನನ್ನು ಪೂರ್ತಿ ನಂಬುವುದಿಲ್ಲ ಎನ್ನುತ್ತಿದ್ದಾನೆ. ಈ ಕೊನೆಯದು ವರ್ತಕನಿಗೆ ಹಿಡಿಸಿತು.

"ಇದು ಕೆಟ್ಟರೆ ನಿಮಗೆ ಪೀಠ ಹೋಗತ್ತೆ," ಅವನೆಂದ. "ನನ್ನ ಮನೆಗೂ ನೀರು ಹೋಗತ್ತೆ. ಊರಿಗೂ ಹೋಗತ್ತೆ. ಮೂರೂ ಒಂದೇ ತೂಕ ಅಂತ ತಿಳ್ಕೋಬೇಡಿ."

"ನಿಮ್ಮ ವ್ಯಾಪಾರ?"

"ಉಪ್ಪು ಮಾರ್ತೀನಿ. ಉಪ್ಪಿಗೆ ವಾಸನೆ ಇಲ್ಲ."

ಹೊಸಬ ಹೋದ ಮೇಲೆ ಒಳಗಿಂದ ಅಕ್ಕ ಬಂದಳು. "ಏನಂತೆ ಹೊಸ ಮದುಮಗ?"

"ಒಣಗಿ ನಿಲ್ತಾನಂತೆ."

"ಅಯ್ಯೋ," ಎಂದಳು ಅಕ್ಕ. "ಹಂಗಾದ್ರೆ ಬಟ್ಟಲು ತಗೊಂಡು ಹೋಗೋದು ಬೇಡವಾ?"

ವರ್ತಕ ಏಣಿ ಹತ್ತಿ ಅಟ್ಟಕ್ಕೆ ಹೋದ. ಆ ಅಟ್ಟದಲ್ಲಿ ಅವನ ಅಪ್ಪನ ಕಾಲದ ಸಿದ್ದಿಗೆಗಳಿದ್ದವು, ಅಜ್ಜನ ಕಾಲದವೂ ಇದ್ದವು. ಒಂದೊಂದರಲ್ಲೂ ಒಬ್ಬೊಬ್ಬ ಪೀಠದವನ ಬೆರಳಿನ ಗುರುತಿತ್ತು. ಎಂದೂ ಯಾರನ್ನೂ ನಂಬದೆ ಬದುಕಿದ್ದು ಅವನಿಗೆ ಹೆಮ್ಮೆಯಾಗಿತ್ತು. ಈಗ ಆ ಹೆಮ್ಮೆಯೇ ಅಟ್ಟದ ಹಾಗೆ ಕಮಟು ವಾಸನೆ ಹೊಡೆಯುತ್ತಿತ್ತು.

ಒಂಟೆಯವರು ಹೊರಡುವ ದಿನ ಅವನು ಬರಿಗೈಯಲ್ಲಿ ಹೋದ. ಒಂಟೆಯವರ ಯಜಮಾನ ವರ್ಷವೂ ಒಂದೇ ತಮಾಷೆ ಮಾಡುವವನು: "ಏನು ಸೌಕಾರ್ರೇ, ಈ ಸಲಾನೂ ಎಣ್ಣೆ ಬಿಡ್ತಿದೀರಂತೆ?" ವರ್ಷವೂ ಇಬ್ಬರೂ ನಗುತ್ತಿದ್ದರು. ಈ ಸಲ ವರ್ತಕ ನಗಲಿಲ್ಲ.

"ಸಿದ್ದಿಗೆ ಎಲ್ಲಿ?" ಎಂದ ಯಜಮಾನ.

"ಇಲ್ಲ."

"ಮರೆತು ಬಂದಿರಾ?"

"ಮರೆತಿಲ್ಲ."

ಯಜಮಾನ ನಗು ನಿಲ್ಲಿಸಿ ಅವನನ್ನೇ ನೋಡಿದ, ಆಮೇಲೆ ಒಂಟೆಯ ಮೂಗುದಾಣ ಎಳೆದ. "ನಾಳೆ ಬಾ ಅಂದ್ರೆ ಬರೋಕೆ ನಾವು ಪಕ್ಕದ ಮನೆಯವರಲ್ಲ," ಎಂದಷ್ಟೇ ಹೇಳಿದ. ಒಂಟೆಗಳು ಹಗುರವಾಗಿ ನಡೆದು ಉಪ್ಪಿನ ಬಯಲಿನಲ್ಲಿ ಚುಕ್ಕಿಗಳಾದವು.

ಮಾತಿನ ದಿನ ಬಂತು. ಊರು ಬಟ್ಟಲು ಹಿಡಿದು ಬಂತು. ಹೊಸಬ ಬಿಳಿಯ ಪಂಚೆ ಉಟ್ಟು ಕಲ್ಲಿನ ಮೇಲೆ ಹತ್ತಿದ. ಎಣ್ಣೆಯ ಕೊಡ ಹಿಡಿದವರಿಗೆ ದೂರ ನಿಲ್ಲುವಂತೆ ಕೈಮಾಡಿದ. ಬಿಸಿಲು ಅವನ ಒಣ ನೆತ್ತಿಯ ಮೇಲೆ ಬಿತ್ತು.

"ನನ್ನ ಕಾಲದಲ್ಲಿ," ಎಂದು ಅವನು ಶುರು ಮಾಡಿದ.

"ಎಣ್ಣೆ ಎಲ್ಲಿ?" ಎಂದಿತು ಒಂದು ದನಿ.

"ಎಣ್ಣೆ ಬಿಡುವ ಮಾತನ್ನು ಎಣ್ಣೆಯಲ್ಲಿ ಆಡಬಾರದು. ನಾಳೆಯಿಂದ ರಾಟೆ ನಿಲ್ಲಿಸಿ ಜಿಡ್ಡು ಕೆರೆಯೋಣ. ಒಂದಷ್ಟು ದಿನ ಕಷ್ಟ..."

ಊರು ಬಟ್ಟಲುಗಳನ್ನು ತಟ್ಟತೊಡಗಿತು. ಮೊದಲು ಒಂದು, ಆಮೇಲೆ ಹತ್ತು, ಆಮೇಲೆ ಎಲ್ಲವೂ. ಕಂಚು, ಹಿತ್ತಾಳೆ, ಮಣ್ಣು, ಸೋರೆಬುರುಡೆ.

"ಒಣ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ ಸ್ವಾಮಿ," ಎಂದ ಒಬ್ಬ ಮುದುಕ, ಬಹಳ ಮರ್ಯಾದೆಯಿಂದ. "ನಿಮ್ಮಪ್ಪನ ವಯಸ್ಸಿನವನು ಹೇಳ್ತಿದೀನಿ. ಹಿಂದಿನವರು ಸುಳ್ಳು ಹೇಳಿದರು, ನಿಜ. ಆದರೆ ಬಟ್ಟಲು ತುಂಬಿಸಿ ಹೇಳಿದರು."

"ಇವನು ಪಿಟ್ಟಾಸಿ. ಎಣ್ಣೆ ಉಳಿಸಿ ತಾನೇ ಇಟ್ಕೊಳ್ಳೋ ಉಪಾಯ," ಎಂದಳು ಒಬ್ಬಳು.

"ಮಾತು ಉಳಿಸ್ಕೊಳ್ಳೋದು ಬಿಡೋದು ಆಮೇಲೆ. ಮೊದಲು ಮಾತನ್ನ ಮಾತಿನ ಹಾಗೆ ಕೊಡ್ರೀ," ಎಂದ ಇನ್ನೊಬ್ಬ.

ಬಟ್ಟಲಿನ ಸದ್ದು ಏರಿತು. ಹೊಸಬ ಗುಂಪಿನಲ್ಲಿ ವರ್ತಕನನ್ನು ಹುಡುಕಿದ. ವರ್ತಕ ಬಟ್ಟಲಿಲ್ಲದೆ ನಿಂತಿದ್ದವನೊಬ್ಬನೇ ಆದ್ದರಿಂದ ಬೇಗ ಸಿಕ್ಕಿದ. ಇಬ್ಬರ ಕಣ್ಣು ಕೂಡಿತು. ವರ್ತಕ ಕಣ್ಣು ಇಳಿಸಲಿಲ್ಲ. ಇಳಿಸಿದವನು ಹೊಸಬ. ಕೊಡ ಹಿಡಿದವರ ಕಡೆ ತಿರುಗಿ, ತಲೆಯನ್ನು ಬಲು ಸಣ್ಣದಾಗಿ ಆಡಿಸಿದ.

ಎಣ್ಣೆ ಬಿತ್ತು. ಹಿಂದೆಂದೂ ಬೀಳದಷ್ಟು ಬಿತ್ತು. ಸಿಟ್ಟಾದ ಊರನ್ನು ಸಮಾಧಾನ ಮಾಡಬೇಕಲ್ಲ, ಈ ವರ್ಷ ಇಳಿದ ಎಣ್ಣೆಯೆಲ್ಲ ತುಂಬಿದ್ದ ಉಗ್ರಾಣದ ಕೊಪ್ಪರಿಗೆಗಳನ್ನೇ ಹೊತ್ತು ತಂದರು. ನೆತ್ತಿಯಿಂದ ಹುಬ್ಬಿಗೆ, ಹುಬ್ಬಿನಿಂದ ಗಲ್ಲಕ್ಕೆ, ಗಲ್ಲದಿಂದ ಹೊಟ್ಟೆಗೆ, ಹೊಟ್ಟೆಯಿಂದ ಪಾದಕ್ಕೆ. ಬಿಳಿಯ ಪಂಚೆ ಕಪ್ಪಾಗಿ ತೊಡೆಗೆ ಅಂಟಿತು. ಅವನ ಮಾತೂ ಈಗ ಸಲೀಸಾಗಿ ಹರಿಯಿತು. ರಾಟೆಯೊಂದೇ ಅಲ್ಲ, ಬಾಗಿಲು, ಗಾಡಿ, ತೊಟ್ಟಿಲು, ಎಲ್ಲವೂ ಎಣ್ಣೆಯಿಲ್ಲದೆ ತಿರುಗುತ್ತವೆ ಎಂದ. ಮೊಮ್ಮಕ್ಕಳಿಗೆ ಎಣ್ಣೆ ಎನ್ನುವ ಹೆಸರೇ ಗೊತ್ತಿರುವುದಿಲ್ಲ ಎಂದ. ಜನ ಬಟ್ಟಲು ತುಂಬಿಕೊಂಡು, "ಪರವಾಗಿಲ್ಲ, ಕಲಿತುಕೊಂಡ" ಎನ್ನುತ್ತಾ ಮನೆಗೆ ನಡೆದರು. ಅಕ್ಕ ಎರಡು ಸಲ ಸಾಲಿನಲ್ಲಿ ನಿಂತಳು.

ದೀಪ ಹಚ್ಚುವ ಹೊತ್ತಿಗೆ ಹಿಂಬಾಗಿಲು ಸದ್ದಿಲ್ಲದೆ ತೆರೆಯಿತು. ಮುಸುಕಿನೊಳಗೆ ಹೊಸಬ.

"ಟವಲು ಎಲ್ಲಿ?" ಎಂದ.

"ಯಾಕೆ?"

"ಏನು ಸೌಕಾರ್ರೇ, ಗೊತ್ತಿಲ್ಲದವರ ಹಾಗೆ. ಉಗ್ರಾಣ ಬರಿದಾಗಿದೆ. ಒಂದಿಷ್ಟು ಹೆಚ್ಚಿಗೇ ತರಿಸಬೇಕು."

"ಒಂಟೆಯವರು ಹೋದರು. ಸಿದ್ದಿಗೆ ಕೊಡಲಿಲ್ಲ."

ಹೊಸಬನ ಗಲ್ಲದಿಂದ ಒಂದು ಹನಿ ನೆಲಕ್ಕೆ ಬಿತ್ತು. "ಕೊಡಲಿಲ್ಲ ಅಂದರೆ?"

"ಕೊಡಬೇಡಿ ಅಂದಿರಿ. ಕೊಡಲಿಲ್ಲ."

"ನಾನು ಹೇಳಿದೆ ಅಂತ ನೀವು ಹಾಗೇ ಮಾಡಿಬಿಡೋದಾ?" ಹೊಸಬನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚು ಬೆರಗಿತ್ತು. "ನಿಮ್ಮಂಥ ಅನುಭವಸ್ಥರು, ತಲೆತಲಾಂತರದಿಂದ ನೋಡಿದವರು. ಅರ್ಧ ಕಳಿಸಿರ್ತೀರಿ, ಅಟ್ಟದಲ್ಲಿ ಒಂದಿಷ್ಟು ಬಚ್ಚಿಟ್ಟಿರ್ತೀರಿ ಅಂತ ನಾನು ನಿಮ್ಮನ್ನ ನಂಬಿದ್ದೆನಲ್ಲ."

ವರ್ತಕ ಹೊಸಬನ ಮಾತನ್ನು ನಂಬಿದ್ದ, ಹೊಸಬ ವರ್ತಕನ ಅಪನಂಬಿಕೆಯನ್ನು ನಂಬಿದ್ದ. ಇಬ್ಬರಲ್ಲಿ ದಡ್ಡ ಯಾರೆಂದು ಬೇರೆ ಹೇಳಬೇಕಾಗಿರಲಿಲ್ಲ.

"ಹೋಗಿ ಕೆರೀರಿ," ಎಂದ ವರ್ತಕ. "ಈಗ ಬೇರೆ ದಾರಿ ಇಲ್ಲ. ನೀವೇ ಕೇಳಿದ್ದು ಅದನ್ನ."

ಹೊಸಬ ಕೆರೆಯಲಿಲ್ಲ. ಉಗ್ರಾಣದ ತಳದಲ್ಲೂ ವರ್ತಕನ ಮನೆಯಲ್ಲೂ ಇದ್ದಬದ್ದ ಹನಿಗಳನ್ನು ಅಚ್ಚಿಗೆ ಬಿಟ್ಟ. ಹನಿ ಮುಗಿಯಿತು. ರಾಟೆ ಒಂದು ಬೆಳಗ್ಗೆ ಅರ್ಧ ಸುತ್ತು ಬಂದು, ಕೊಡಗಳು ಗಾಳಿಯಲ್ಲಿ ತೂಗುತ್ತಿರುವಾಗಲೇ, ನಿಂತಿತು.

ಊರು ಮೊದಲ ದಿನ ಗುಡಾಣದ ನೀರು ಕುಡಿಯಿತು. ಆಮೇಲೆ ಗುಡಾಣದ ತಳ ಕೆರೆಯಿತು. ಆಮೇಲೆ ಬಾಳೆದಿಂಡು ಕಡಿದು ಚೀಪಿತು. ಅಕ್ಕನ ತುಟಿ ಒಡೆದು ರಕ್ತ ಕಂಡಿತು. ಅವಳ ಎರಡು ಬಟ್ಟಲು ಎಣ್ಣೆ ಮೂಲೆಯಲ್ಲಿ ತುಂಬಿಯೇ ಇತ್ತು. ಊರಿನ ಪ್ರತಿ ಮನೆಯಲ್ಲೂ ಹಾಗೆ ಒಂದು ಬಟ್ಟಲು ಇತ್ತು. ಅದನ್ನು ರಾಟೆಗೆ ತಂದು ಸುರಿಯೋಣ ಎಂದು ಯಾರ ಬಾಯಿಂದಲೂ ಬರಲಿಲ್ಲ.

ಆಗ ಪೀಠದಿಂದ ಡಂಗುರ ಬಂತು. ಅಚ್ಚಿನ ಜಿಡ್ಡನ್ನು ಕೆರೆದು ತೆಗೆಯಬೇಕು. ವರ್ತಕ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿದ. ಓಡುವ ವಯಸ್ಸಲ್ಲ ಅವನದು. ಬಾವಿಕಟ್ಟೆಯಲ್ಲಿ ಜನ ಕುಡುಗೋಲು, ಮಗುಚುವ ಕೈ, ತೆಂಗಿನ ಚಿಪ್ಪು ಹಿಡಿದು ಕೆರೆಯುತ್ತಿದ್ದರು. ಜಿಡ್ಡು ಹಾಳೆಹಾಳೆಯಾಗಿ ಬರುತ್ತಿತ್ತು. ಒಂದೊಂದು ಹಾಳೆಗೂ ಒಂದೊಂದು ವಾಸನೆ. ಹಳೆಯ ಪೀಠದವರೆಲ್ಲ ಒಬ್ಬರ ಕೆಳಗೊಬ್ಬರು ಸುಲಿದು ಬರುತ್ತಿದ್ದ ಹಾಗಿತ್ತು. ಕೊನೆಯ ಹಾಳೆ ಬಂದಾಗ ಕೆಳಗೆ ಕಲ್ಲು ಕಂಡಿತು. ತಿಳಿ ಬೂದುಬಣ್ಣದ, ಕನ್ನಡಿಯ ಹಾಗೆ ನುಣುಪಾದ ಕಲ್ಲು. ಕಾಲುವೆಯ ಬಾಯಿ ಬಿಟ್ಟಿತು.

ಕೆರೆದವರು ಜಿಡ್ಡನ್ನು ಬುಟ್ಟಿಗೆ ತುಂಬಿಕೊಂಡು ಎಲ್ಲಿಗೋ ಹೊತ್ತೊಯ್ದರು. ಕಟ್ಟೆಯ ಮೇಲೆ ಉಳಿದವರಲ್ಲಿ ಅಕ್ಕನೂ ಒಬ್ಬಳು. ದಾಹದಿಂದ ತಲೆ ತಿರುಗಿ, ಆಸರೆಗೆಂದು ಅವಳು ರಾಟೆಯ ಕಡ್ಡಿಗೆ ಕೈಯಿಟ್ಟಳು.

ರಾಟೆ ತಿರುಗಿತು.

ಅಕ್ಕ ಕೈ ಹಿಂದಕ್ಕೆ ಸೆಳೆದುಕೊಂಡಳು. ಮತ್ತೆ ಇಟ್ಟಳು. ಗಂಡಸರ ಸಾಲು ಹೆಗಲು ಕೊಡಬೇಕಾದ ರಾಟೆ ಒಬ್ಬ ಮುದುಕಿಯ ಒಂದು ಅಂಗೈಗೆ ತಿರುಗಿತು. ಕೊಡಗಳು ಇಳಿದವು, ಮುಳುಗಿದವು, ತುಂಬಿ ಮೇಲೆ ಬಂದವು. ಒಂದಿಷ್ಟು ನೀರು ಕಾಲುವೆಯಲ್ಲಿ ಇಳಿದು ಅಚ್ಚನ್ನು ತೋಯಿಸಿತು. ಒಂದು ಸುತ್ತು, ಪೂರ್ತಿ ಒಂದು ಸುತ್ತು, ಎಲ್ಲೂ ಒಂದು ಚೂರು ಸದ್ದಿಲ್ಲ. ನೀರು ಬೀಳುವ ಸದ್ದು ಇಷ್ಟೊಂದು ದೊಡ್ಡದೆಂದು ಆ ಊರಿಗೆ ಗೊತ್ತೇ ಇರಲಿಲ್ಲ. ವರ್ತಕ ಅಚ್ಚಿನ ಮೇಲೆ ಅಂಗೈಯಿಟ್ಟ. ತಣ್ಣಗಿತ್ತು. ಎತ್ತಿ ನೋಡಿದರೆ ಕೈಯಲ್ಲಿ ಬರೀ ನೀರು.

"ಇಷ್ಟೇನಾ?" ಎಂದಳು ಅಕ್ಕ.

"ಇಷ್ಟೇ ಅಕ್ಕ."

ಜನ ನೀರು ಕುಡಿದರು. ಕುಡಿದು ತಲೆಯೆತ್ತಿದಾಗ ಅವರ ಮುಖದಲ್ಲಿ ಸಂತೋಷವಿರಲಿಲ್ಲ, ಅಳುಕಿತ್ತು.

"ಸದ್ದೇ ಇಲ್ಲವಲ್ಲ," ಎಂದ ಮುದುಕ. "ಸದ್ದಿಲ್ಲದೆ ನೀರು ಬಂತೋ ಬಿಟ್ಟಿತೋ ಮನೇಲಿದ್ದೋರಿಗೆ ಹೆಂಗೆ ಗೊತ್ತಾಗಬೇಕು?"

"ಯಾರ್ ಬೇಕಾದ್ರೂ ತಿರುಗಿಸಬಹುದು ಅಂದ್ರೆ ಹೆಗಲು ಕೊಡೋರ ಗತಿಯೇನು?" ಎಂದ ಗಟ್ಟಿ ಗಂಡಸರಲ್ಲೊಬ್ಬ.

"ಬೆತ್ತಲೆ ಕಾಣ್ತಿದೆ," ಎಂದಳು ಒಬ್ಬಳು ಅಚ್ಚಿನ ಕಡೆ ನೋಡಿ, ಸೆರಗು ಬಾಯಿಗಿಟ್ಟುಕೊಂಡು.

ಅಷ್ಟರಲ್ಲಿ ವಾದ್ಯದವರ ಸದ್ದಾಯಿತು. ಹೊಸಬ ಬರುತ್ತಿದ್ದ. ಹಿಂದೆ ಹೊಗೆಯಾಡುವ ಕೊಪ್ಪರಿಗೆಗಳು. ಕೆರೆದ ಜಿಡ್ಡನ್ನೆಲ್ಲ ಕುದಿಸಿ, ಬಟ್ಟೆಯಲ್ಲಿ ಹಿಂಡಿ, ಎಣ್ಣೆ ತೆಗೆದಿದ್ದರು. ಕಪ್ಪು, ದಪ್ಪ, ಹೆಣದ ವಾಸನೆ. ಹಲ್ಲಿಯ ಬಾಲವೊಂದು ಮೇಲೆ ತೇಲುತ್ತಿತ್ತು.

"ಆಚೆಯವರ ಎಣ್ಣೆಯಿಂದ ಇಂದಿಗೆ ಬಿಡುಗಡೆ," ಎಂದ ಹೊಸಬ ಕಲ್ಲಿನ ಮೇಲೆ ನಿಂತು. "ಇದು ನಮ್ಮೆಣ್ಣೆ. ನಮ್ಮ ಹಿರಿಯರ ಮಾತಿನಿಂದಲೇ ತೆಗೆದದ್ದು."

"ಸ್ವಾಮಿ, ನಿಲ್ಲಿ," ಎಂದ ವರ್ತಕ. ಅವನ ಅಂಗೈ ಇನ್ನೂ ಅಚ್ಚಿನ ಮೇಲಿತ್ತು. "ತಿರುಗ್ತಾ ಇದೆ. ಎಣ್ಣೆ ಇಲ್ಲದೇ ತಿರುಗ್ತಾ ಇದೆ. ನೀವು ಕೊಟ್ಟ ಮಾತು ನಡೆದುಹೋಗಿದೆ, ನೋಡಿ."

ಹೊಸಬ ನೋಡಿದ. ನೋಡಿದ್ದಕ್ಕೆ ವರ್ತಕನೇ ಸಾಕ್ಷಿ. ರಾಟೆಯನ್ನು ನೋಡಿದ, ಜಿಡ್ಡಿಲ್ಲದ ಅಚ್ಚಿನ ಕಲ್ಲನ್ನು ನೋಡಿದ, ಅಕ್ಕನ ಒಂಟಿ ಕೈಯನ್ನು ನೋಡಿದ. ಆಮೇಲೆ ಜನರ ಕೈಗಳನ್ನು ನೋಡಿದ. ವಾದ್ಯದ ಸದ್ದು ಕೇಳಿದ್ದೇ ಎಲ್ಲರೂ ಮನೆಗೆ ಓಡಿ ಬಟ್ಟಲು ತಂದಿದ್ದರು.

"ಹೊಯ್ಯಿರಿ," ಎಂದ.

ವರ್ತಕ ಕೈ ತೆಗೆಯಲಿಲ್ಲ. ಬಿಸಿ ಕೀಲೆಣ್ಣೆ ಅವನ ಕೈಮೇಲೆಯೇ ಬಿತ್ತು, ಬೆರಳಸಂದಿಯಲ್ಲಿ ಇಳಿಯಿತು, ಕಾಲುವೆಯ ಬಾಯಿ ಮುಚ್ಚಿತು. ರಾಟೆ ತಡವರಿಸಿತು. ಗಟ್ಟಿ ಗಂಡಸರು ಹೆಗಲು ಕೊಟ್ಟರು. ಕೀರಲು ಎದ್ದಿತು. ಆ ಸದ್ದು ಕೇಳಿದ್ದೇ ಊರಿನ ಎದೆ ಹಗುರಾಯಿತು. ಮಕ್ಕಳು ಅಳು ನಿಲ್ಲಿಸಿದವು. ಅಕ್ಕ ತನ್ನ ಅಂಗೈಯನ್ನು ಒಂದು ಸಲ ನೋಡಿಕೊಂಡು, ಸೀರೆಗೆ ಒರೆಸಿ, ಬಟ್ಟಲು ಹಿಡಿದು ಸಾಲಿನಲ್ಲಿ ನಿಂತಳು.

ಅಂದಿನಿಂದ ವರ್ತಕ ಹಿಂಬಾಗಿಲ ಕೀಲಿಗೆ ಎಣ್ಣೆ ಬಿಡುವುದನ್ನು ನಿಲ್ಲಿಸಿದ.

ಅವನ ಲೆಕ್ಕಾಚಾರ ಇಷ್ಟು. ನಮ್ಮೆಣ್ಣೆ ಮುಗಿಯುತ್ತದೆ. ಒಂಟೆಯವರು ಬರುತ್ತಾರೆ. ಹೊಸಬ ಮುಸುಕು ಹಾಕಿಕೊಂಡು ಹಿಂಬಾಗಿಲಿಗೆ ಬರುತ್ತಾನೆ. ಬಾಗಿಲು ಅರಚುತ್ತದೆ. ಬೀದಿ ಎದ್ದು ಹೊರಗೆ ಬಂದು ನೋಡುತ್ತದೆ. ಒಂದು ಸಲ ಕಣ್ಣಾರೆ ಕಂಡರೆ ಸಾಕು, ಆಮೇಲೆ ಅವನಿಗೂ 'ಹೊಯ್ಯಿರಿ' ಎನ್ನುವ ಬಾಯಿರುವುದಿಲ್ಲ, ಊರಿಗೂ ಬಟ್ಟಲು ಹಿಡಿಯುವ ಕೈಯಿರುವುದಿಲ್ಲ. ಸುಟ್ಟ ಕೈಗೆ ಲೋಳೆಸರ ಹಚ್ಚಿಕೊಳ್ಳುತ್ತಾ ಅವನು ಆ ದಿನಕ್ಕೆ ಕಾದ.

ಬಯಲಿನ ಕಡೆಯಿಂದ ಒಂಟೆಯ ಗಂಟೆ ಕೇಳಿದ ಸಂಜೆ ಹೊಸಬ ಬಂದ. ಬಾಗಿಲು ನೂಕಿದ.

ಕೀಲು ಕಿರುಚಿತು. ಹಂದಿಯ ಕತ್ತು ಹಿಡಿದ ಹಾಗೆ ಕಿರುಚಿತು. ಹೊಸಬ ಬೆಚ್ಚಿ ನಿಂತ. ಒಂದೊಂದಾಗಿ ಬಾಗಿಲುಗಳು ತೆರೆದವು. ಬೀದಿಯ ಉದ್ದಕ್ಕೂ ದೀಪ ಹಿಡಿದ ಮುಖಗಳು. ವರ್ತಕ ಬೇಕೆಂದೇ ದನಿ ಎತ್ತರಿಸಿದ.

"ಬನ್ನಿ ಸ್ವಾಮಿ. ಎಷ್ಟು ಸಾಲು ಸಿದ್ದಿಗೆ ಕಳಿಸಲಿ? ಎಲ್ಲರಿಗೂ ಕೇಳೋ ಹಾಗೆ ಹೇಳಿ."

ಹೊಸಬನ ಮುಸುಕು ಜಾರಿತು. ಬೀದಿ ಅವನನ್ನು ನೋಡಿತು. ಅವನು ಬೀದಿಯನ್ನು ನೋಡಿದ.

"ಅದೇನು ಗಲಾಟೆ ಅಂತಿದ್ದೆ," ಎಂದ ಕೊನೆಗೆ ಆ ಮುದುಕ, ಕಣ್ಣುಜ್ಜಿಕೊಂಡು. "ಸಿದ್ದಿಗೆ ಮಾತಾ? ವರ್ಷವೂ ಬರ್ತಾರಲ್ಲ ದೊಡ್ಡವರು. ನಾನು ಚಿಕ್ಕವನಿದ್ದಾಗಲಿಂದ ನೋಡಿದೀನಿ." ಹತ್ತಿರ ಬಂದು ತಗ್ಗಿದ ದನಿಯಲ್ಲಿ ಸೇರಿಸಿದ: "ಹೆಂಗೂ ಎದ್ದು ಬಂದಿದೀನಿ. ನಮ್ಮನೇದೂ ಒಂದು ಸೇರಿಸ್ಕೊಳ್ಳಿ ಸೌಕಾರ್ರೇ. ಆ ನಮ್ಮೆಣ್ಣೇಲಿ ಬಾಗಿಲು ತಿರುಗಲ್ಲ."

"ನಮ್ಮದೊಂದು," ಎಂದಳು ಪಕ್ಕದ ಮನೆಯವಳು. "ಗಟ್ಟಿಯಾಗಿ ಕೂಗಿ ಕೇಳ್ತೀರಲ್ಲ, ನಾಚಿಕೆ ಆಗಲ್ವಾ? ಟವಲು ಎಲ್ಲಿ?"

ವರ್ತಕನ ಹೆಗಲ ಮೇಲಿನ ಟವಲನ್ನು ಯಾರೋ ತೆಗೆದು ಅವನ ಕೈಮೇಲೆ ಹರಡಿದರು. ಮೊದಲು ಹೊಸಬನ ಕೈ ಟವಲಿನ ಕೆಳಗೆ ಬಂತು. ಅದರ ಹಿಂದೆ ಮುದುಕನ ಕೈ. ಆಮೇಲೆ ಬೀದಿಯ ಕೈಗಳೆಲ್ಲ, ಒಂದರ ಮೇಲೊಂದು, ಜಾರುತ್ತಾ, ತಡಕುತ್ತಾ, ಸುಟ್ಟ ಬೆರಳುಗಳನ್ನೇ ಹುಡುಕಿ ಒತ್ತುತ್ತಾ. ಟವಲಿನ ಕೆಳಗೆ ಯಾವುದು ಯಾರ ಕೈ ಎಂದು ಹೇಳಲು ಬರುತ್ತಿರಲಿಲ್ಲ. ಯಾವುದು ತನ್ನದೆಂದೂ ಅವನಿಗೆ ತಿಳಿಯದೆ ಹೋಯಿತು.

ಬೆಳಗ್ಗೆ ಒಂಟೆಗಳು ಅಟ್ಟದ ಸಿದ್ದಿಗೆಗಳನ್ನೆಲ್ಲ ಹೊತ್ತು ಹೊರಟವು. ಸಾಲದ್ದಕ್ಕೆ ಹೊಸದಾಗಿ ಹೊಲಿಸಿದವೂ ಇದ್ದವು. ಯಜಮಾನ ತಮಾಷೆ ಮಾಡಿದ. ವರ್ತಕ ನಕ್ಕನೋ ಇಲ್ಲವೋ ಅವನಿಗೇ ನೆನಪಿಲ್ಲ.

ಮನೆಗೆ ಬಂದಾಗ ಅಕ್ಕ ಹಿಂಬಾಗಿಲ ಬಳಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಅವಳ ದೊಡ್ಡ ಬಟ್ಟಲು.

"ಬೀದಿಯವರ ಮುಂದೆ ಮಾನ ತೆಗೀತು ಇದು," ಎನ್ನುತ್ತಾ ಅವಳು ಬಟ್ಟಲಿಗೆ ಬೆರಳದ್ದಿ ಕೀಲಿಗೆ ಹಚ್ಚಿದಳು. ಮತ್ತೊಮ್ಮೆ ಅದ್ದಿದಳು. ಬಾಗಿಲನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದಳು. ಮೊದಲು ಕೀರಿತು. ಆಮೇಲೆ ಸಣ್ಣಗೆ ಮುಲುಗಿತು. ಆಮೇಲೆ ಸುಮ್ಮನಾಯಿತು.

"ನೋಡು," ಎಂದಳು ಅಕ್ಕ, ಬೆರಳನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಾ. "ಇಷ್ಟೇ."